ಚಾರ್ಮಾಡಿಯ ತಿರುವನ್ನು ಕೋಡ್‌ನಲ್ಲಿ ಬರೆಯುವುದು ಹೇಗೆ? ಬಾಗು ಗೆರೆಗಳ ಸಮಗ್ರ ಮಾರ್ಗದರ್ಶಿ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ರಸ್ತೆಯನ್ನು ಫೋನಿನ ನಕ್ಷೆಯಲ್ಲಿ ಹಿಗ್ಗಿಸುತ್ತಾ ಹೋಗಿ. ಮೊದಲು ಹೇರ್‌ಪಿನ್ ತಿರುವುಗಳು ಬಳ್ಳಿಯ ಹಾಗೆ ಬಳುಕಿರುತ್ತವೆ. ಹಿಗ್ಗಿಸಿದಷ್ಟೂ ಆ ಬಳುಕು ಕರಗಿ, ಕೊನೆಗೆ ಕಡ್ಡಿ ಮುರಿದು ಜೋಡಿಸಿಟ್ಟಂತೆ ಮೂಲೆಗಳು ಕಾಣತೊಡಗುತ್ತವೆ. ನಕ್ಷೆ ಮಾಡಿದವರ ತಪ್ಪಲ್ಲ ಅದು. ಪರದೆಯ ಮೇಲೆ ಬಾಗಿದ ಗೆರೆ ಅಂತ ಒಂದು ಇರುವುದೇ ಇಲ್ಲ. ಇರುವುದು ಸಣ್ಣ ಸಣ್ಣ ನೇರ ಗೆರೆಗಳು. ಅವು ಎಷ್ಟಿರಬೇಕು, ಎಲ್ಲಿ ಹೇಗೆ ಸೇರಬೇಕು ಅನ್ನುವುದೇ ಇಡೀ ವಿದ್ಯೆ.

ಇಲ್ಲಿ ಒಂದು ಹೇರ್‌ಪಿನ್ ತಿರುವಿನಿಂದ ಶುರು ಮಾಡಿ, ಎರಡನ್ನು ಜೋಡಿಸಿ, ಆಮೇಲೆ ಫೋನಿನಲ್ಲಿ ದಾಖಲಾದ ನಿಜವಾದ ರಸ್ತೆಯನ್ನು ಬರೆಯೋಣ. ಬ್ರೌಸರ್‌ನ ಕ್ಯಾನ್ವಾಸ್ (ವೆಬ್ ಪುಟದಲ್ಲಿ ಚಿತ್ರ ಬರೆಯುವ ಹಾಳೆ) ಮತ್ತು ಜಾವಾಸ್ಕ್ರಿಪ್ಟ್ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ಗ್ರಾಫ್ ಹಾಳೆ, ಪೆನ್ಸಿಲ್ ಪಕ್ಕದಲ್ಲಿರಲಿ. ಆಜ್ಞೆಗಳ ಹೆಸರನ್ನು ಉಚ್ಚಾರದ ಪ್ರಕಾರ ಕನ್ನಡದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು ಹಾಳೆ ಸರಿಮಾಡಿಕೊಳ್ಳಿ

ಕ್ಯಾನ್ವಾಸ್‌ನ ಅಳತೆ 600 ಅಗಲ, 400 ಎತ್ತರ ಇರಲಿ. ಸೊನ್ನೆ ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ಎಕ್ಸ್ ಬಲಕ್ಕೆ ಬೆಳೆಯುತ್ತದೆ, ವೈ ಕೆಳಕ್ಕೆ ಬೆಳೆಯುತ್ತದೆ. ಶಾಲೆಯ ಗ್ರಾಫ್‌ನಲ್ಲಿ ವೈ ಮೇಲಕ್ಕೆ ಹೋಗುತ್ತಿತ್ತಲ್ಲ, ಆ ಅಭ್ಯಾಸ ಮುಂದೆ ಒಂದು ಕಡೆ ಸರಿಯಾಗಿ ಕೈಕೊಡುತ್ತದೆ, ನೆನಪಿರಲಿ.

ಫೋನಿನಲ್ಲಿ ಗೆರೆ ಮಸುಕಾಗಿ ಕಂಡರೆ ಕಾರಣ ಡಿವೈಸ್‌ಪಿಕ್ಸೆಲ್‌ರೇಶಿಯೊ, ಅಂದರೆ ಪುಟದ ಒಂದು ಪಿಕ್ಸೆಲ್ ಅಗಲಕ್ಕೆ ಪರದೆಯ ಎಷ್ಟು ನಿಜವಾದ ಪಿಕ್ಸೆಲ್ ಅನ್ನುವ ಸಂಖ್ಯೆ. ಆ ಸಂಖ್ಯೆ 3 ಇದ್ದರೆ ಕ್ಯಾನ್ವಾಸ್‌ನ ಅಗಲ ಎತ್ತರಗಳನ್ನು 1800 ಮತ್ತು 1200 ಮಾಡಿ, ಸ್ಟೈಲ್‌ನಲ್ಲಿ ಮಾತ್ರ 600 ಮತ್ತು 400 ಉಳಿಸಿ, ಆಮೇಲೆ ಸ್ಕೇಲ್(3, 3) ಹಾಕಿ. ಈ ಕ್ರಮ ಬದಲಾಗಬಾರದು. ಅಗಲ ಬದಲಿಸಿದ ಕೂಡಲೇ ಕ್ಯಾನ್ವಾಸ್ ಬರಿದಾಗುತ್ತದೆ, ಹಾಕಿದ್ದ ಸ್ಕೇಲ್ ಕೂಡ ಅಳಿಸಿಹೋಗುತ್ತದೆ.

ಮೂರು ಬಿಂದುಗಳ ಬಾಗು

ಅತಿ ಸರಳವಾದ ಬಾಗು ಗೆರೆಗೆ ಮೂರು ಬಿಂದು ಬೇಕು: ಶುರುವಿನ ಬಿಂದು ಅ, ಕೊನೆಯ ಬಿಂದು ಕ, ನಡುವೆ ಗೆರೆಯನ್ನು ತನ್ನ ಕಡೆಗೆ ಎಳೆಯುವ ಕಂಟ್ರೋಲ್ ಪಾಯಿಂಟ್ ಬ. ಅ (100, 300), ಬ (300, 50), ಕ (500, 300) ಅಂತ ಇಟ್ಟುಕೊಳ್ಳೋಣ. ಕೆಳಗಿನ ಆಜ್ಞೆಗಳಲ್ಲಿ ಸಿ ಅಂದರೆ ಕ್ಯಾನ್ವಾಸ್‌ನಿಂದ ಪಡೆದ 2ಡಿ ಕಾಂಟೆಕ್ಸ್ಟ್, ಬರೆಯುವ ಕೈ ಅದೇ.

ಸಿ.ಬಿಗಿನ್‌ಪಾತ್()
ಸಿ.ಮೂವ್‌ಟು(100, 300)
ಸಿ.ಕ್ವಾಡ್ರಾಟಿಕ್‌ಕರ್ವ್‌ಟು(300, 50, 500, 300)
ಸಿ.ಸ್ಟ್ರೋಕ್()

ಗುಡ್ಡದ ಹಾಗೊಂದು ಬಾಗು ಬರುತ್ತದೆ. ಆದರೆ ಗುಡ್ಡದ ತುದಿ 50ರಲ್ಲಿ ಇರುವುದಿಲ್ಲ, 175ರಲ್ಲಿ ಇರುತ್ತದೆ. ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲೇ. ಗೆರೆ ಬ ಬಿಂದುವನ್ನು ಮುಟ್ಟುವುದಿಲ್ಲ, ಅದರ ಕಡೆಗೆ ಅರ್ಧ ದಾರಿ ಮಾತ್ರ ಹೋಗುತ್ತದೆ.

ಯಾಕೆಂದು ಗ್ರಾಫ್ ಹಾಳೆಯಲ್ಲೇ ನೋಡಿ. ಅ–ಬ ಗೆರೆಯ ನಟ್ಟನಡು ಗುರುತಿಸಿ: (200, 175). ಬ–ಕ ಗೆರೆಯ ನಡು: (400, 175). ಈ ಎರಡನ್ನು ಸೇರಿಸಿ ಅದರ ನಡು ಹಿಡಿಯಿರಿ: (300, 175). ಗೆರೆ ಹಾಯುವುದು ಅದೇ ಬಿಂದುವಿನಲ್ಲಿ, ಆ ಜಾಗದಲ್ಲಿ ಅದು ಮುಖ ಮಾಡಿರುವುದು ನೀವು ಸೇರಿಸಿದ ಕೊನೆಯ ಗೆರೆಯ ದಿಕ್ಕಿಗೇ. ನಡುವಿನ ಬದಲು ಕಾಲು ಭಾಗದಲ್ಲಿ ಗುರುತಿಸುತ್ತಾ ಹೋದರೆ (200, 206.25) ಸಿಗುತ್ತದೆ, ಮುಕ್ಕಾಲಿನಲ್ಲಿ (400, 206.25). ಹಲಗೆಗೆ ಮೊಳೆ ಹೊಡೆದು ದಾರ ಸುತ್ತಿ ಮಾಡುವ ಚಿತ್ರಗಳಲ್ಲಿ ನೇರ ದಾರಗಳ ಅಂಚು ಬಾಗಿದಂತೆ ಕಾಣುವುದೂ ಇದೇ ಲೆಕ್ಕದಿಂದ.

ಈ ವಿಧಾನವನ್ನು ಸಿಟ್ರೊಯೆನ್ ಕಾರು ಕಂಪನಿಯಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. 1960ರ ದಶಕದಲ್ಲಿ ರೆನೊದ ಪಿಯರ್ ಬೆಜಿಯೆ ತಮ್ಮದೇ ದಾರಿಯಲ್ಲಿ ಅಲ್ಲಿಗೆ ಬಂದು ಬಹಿರಂಗಪಡಿಸಿದರು, ಹೆಸರು ಅವರದ್ದೇ ನಿಂತಿತು.

ಸೂತ್ರ ಬೇಕಿದ್ದವರಿಗೆ, ಟಿ ಅನ್ನುವುದು 0ಯಿಂದ 1ರವರೆಗೆ ಸಾಗುವ ಸಂಖ್ಯೆಯಾದರೆ:

ಬಿಂದು = (1−ಟಿ)²·ಅ + 2·(1−ಟಿ)·ಟಿ·ಬ + ಟಿ²·ಕ

ಎಕ್ಸ್‌ಗೆ ಒಂದು ಸಲ, ವೈಗೆ ಒಂದು ಸಲ ಲೆಕ್ಕ ಹಾಕಬೇಕು. ಗುಡ್ಡದ ತುದಿ ನಿರ್ದಿಷ್ಟ ಜಾಗದಲ್ಲೇ ಬರಬೇಕೆಂದರೆ ಸೂತ್ರವನ್ನು ತಿರುಗಿಸಿ: ಬ = 2·ತುದಿ − (ಅ+ಕ)/2. ತುದಿ (300, 100) ಆಗಬೇಕಾದರೆ ಬ (300, −100) ಆಗುತ್ತದೆ. ಅದು ಹಾಳೆಯಿಂದ ಆಚೆ ಇದ್ದರೂ ಚಿಂತೆಯಿಲ್ಲ. ಕಂಟ್ರೋಲ್ ಪಾಯಿಂಟ್ ಪರದೆಯ ಮೇಲೆ ಕಾಣಲೇಬೇಕೆಂದು ಯಾರೂ ಹೇಳಿಲ್ಲ.

ಎಷ್ಟು ತುಂಡು?

ಕ್ಯಾನ್ವಾಸ್ ತಾನೇ ಬಾಗಿಸಿ ಕೊಡುತ್ತದೆ, ನಿಜ. ಆದರೂ ಒಮ್ಮೆ ಕೈಯಾರೆ ತುಂಡು ಮಾಡಿ ಬರೆಯಿರಿ. ಗೇಮ್, ಓಪನ್‌ಜಿಎಲ್, ಎಂಬ್ರಾಯ್ಡರಿ ಮೆಷಿನ್, ಲೇಸರ್ ಕಟಿಂಗ್ ಎಲ್ಲ ಕಡೆ ಕೊನೆಗೆ ಬೇಕಾಗುವುದು ತುಂಡುಗಳೇ.

ಅ ಬಿಂದುವಿಗೆ ಮೂವ್‌ಟು ಹಾಕಿ. ಆಮೇಲೆ ಲೂಪ್‌ನಲ್ಲಿ ಐ 1ರಿಂದ ನ ವರೆಗೆ, ನ ಕೂಡ ಸೇರಿ, ಹೋಗಲಿ. ಪ್ರತಿ ಸಲ ಟಿ = ಐ/ನ ಮಾಡಿ ಸೂತ್ರದಿಂದ ಬಿಂದು ತೆಗೆದು ಲೈನ್‌ಟು ಕೊಡಿ. ಟಿಗೆ ಪ್ರತಿ ಸಲ 0.1 ಕೂಡಿಸುತ್ತಾ ಹೋಗಬೇಡಿ. ಕಂಪ್ಯೂಟರ್‌ಗೆ 0.1 ಪೂರ್ತಿ ನಿಖರವಾಗಿ ಹಿಡಿಸುವುದಿಲ್ಲ. ಹತ್ತು ಸಲ ಕೂಡಿಸಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. "ಟಿ 1 ಆದಾಗ ನಿಲ್ಲು" ಅಂತ ಬರೆದಿದ್ದರೆ ಲೂಪ್ ನಿಲ್ಲುವುದೇ ಇಲ್ಲ.

ಇನ್ನು ನ ಎಷ್ಟಿರಬೇಕು? ಅಂದಾಜಿಗೆ 100 ಹಾಕುವವರೇ ಹೆಚ್ಚು. ಹಾಕಬೇಕಿಲ್ಲ, ಲೆಕ್ಕ ಸುಲಭವಾಗಿದೆ. ಅ − 2ಬ + ಕ ಎಷ್ಟೆಂದು ನೋಡಿ. ನಮ್ಮ ಗುಡ್ಡಕ್ಕೆ ಎಕ್ಸ್‌ನಲ್ಲಿ 100−600+500 = 0, ವೈಯಲ್ಲಿ 300−100+300 = 500. ಅದರ ಉದ್ದ 500. ಇದನ್ನು 4·ನ² ರಿಂದ ಭಾಗಿಸಿದರೆ ನೇರ ತುಂಡು ನಿಜವಾದ ಬಾಗಿನಿಂದ ಎಷ್ಟು ದೂರ ಸರಿಯುತ್ತದೆ ಅನ್ನುವುದು ಸಿಗುತ್ತದೆ. 5 ತುಂಡು ಮಾಡಿದರೆ 5 ಪಿಕ್ಸೆಲ್ ತಪ್ಪು, ಕಣ್ಣಿಗೆ ಹೊಡೆಯುತ್ತದೆ. 10 ಮಾಡಿದರೆ 1.25. 20ಕ್ಕೆ 0.31. ಕಾಲು ಪಿಕ್ಸೆಲ್‌ಗಿಂತ ಕಡಿಮೆ ಸಾಕೆಂದರೆ 23 ತುಂಡು. ಬಳಕೆದಾರರು ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ತುಂಡುಗಳನ್ನು ಎರಡು ಪಟ್ಟು ಮಾಡಿದರೆ ಸಾಕು, ತಪ್ಪು ಮೊದಲಿನಷ್ಟೇ ಇರುತ್ತದೆ. ಹಿಗ್ಗಿಸಿದಾಗ ಹೊಸದಾಗಿ ತುಂಡು ಮಾಡದೆ ಹಳೆಯದನ್ನೇ ದೊಡ್ಡದು ಮಾಡಿದರೆ ಮಾತ್ರ ಶುರುವಿನಲ್ಲಿ ಹೇಳಿದ ಕಡ್ಡಿಗಳು ಹೊರಬೀಳುತ್ತವೆ.

ಹೇರ್‌ಪಿನ್: ನಾಲ್ಕು ಬಿಂದುಗಳ ಬಾಗು

ಮೂರು ಬಿಂದುಗಳಲ್ಲಿ ಹೇರ್‌ಪಿನ್ ಬರೆಯಲಾಗುವುದಿಲ್ಲ. ರಸ್ತೆ ಹೋದ ದಿಕ್ಕಿಗೆ ತದ್ವಿರುದ್ಧವಾಗಿ ವಾಪಸ್ ಬರಬೇಕು. ಒಂದೇ ಕಂಟ್ರೋಲ್ ಪಾಯಿಂಟ್‌ನಿಂದ ಅದು ಸಾಧ್ಯವಿಲ್ಲ. ಎರಡು ಬೇಕು. ಅ (200, 280), ಬ (440, 280), ಕ (440, 160), ಡ (200, 160):

ಸಿ.ಮೂವ್‌ಟು(200, 280)
ಸಿ.ಬೆಜಿಯೆಕರ್ವ್‌ಟು(440, 280, 440, 160, 200, 160)

ಅ ಬಿಂದುವಿನಿಂದ ಬ ಕಡೆಗೆ ಹೊರಡುತ್ತದೆ, ಕ ಕಡೆಯಿಂದ ಬಂದು ಡ ಸೇರುತ್ತದೆ. ತಿರುವಿನ ತುದಿ ಎಕ್ಸ್ 380ರಲ್ಲಿ. ಅಂದರೆ 200ರಿಂದ 440ಕ್ಕೆ ಹೋಗುವ ದಾರಿಯ ಮುಕ್ಕಾಲು ಭಾಗ.

ಅ–ಬ ಮತ್ತು ಡ–ಕ ಗೆರೆಗಳನ್ನು ಹಿಡಿ ಅನ್ನೋಣ. ತಿರುವು ಇಕ್ಕಟ್ಟಾಯಿತು, ಸ್ವಲ್ಪ ಅಗಲ ಮಾಡೋಣ ಎಂದುಕೊಂಡು ಹಿಡಿಯನ್ನು ಉದ್ದ ಎಳೆಯುವುದು ಎಲ್ಲರೂ ಮಾಡುವ ಕೆಲಸ. ಆಗುವುದು ಉಲ್ಟಾ. ಇಲ್ಲಿ ಹಿಡಿ 240 ಉದ್ದವಿದೆ, ತುದಿಯಲ್ಲಿ ತಿರುವಿನ ತ್ರಿಜ್ಯ ಬರೀ 22.5 ಪಿಕ್ಸೆಲ್. ಹಿಡಿಯನ್ನು 80ಕ್ಕೆ ಇಳಿಸಿದರೆ ತ್ರಿಜ್ಯ 67.5 ಆಗುತ್ತದೆ. ಎಳೆದಷ್ಟೂ ತಿರುವು ಮುಂದಕ್ಕೆ ಚಾಚಿ ಸೂಜಿಯ ಹಾಗೆ ಚೂಪಾಗುತ್ತದೆ. ಅಂಥ ರಸ್ತೆಯಲ್ಲಿ ನಿಜವಾದ ಬಸ್ಸು ತಿರುಗಲಾರದು.

ಘಾಟಿಯ ರಸ್ತೆಯಂತೆ ಕಾಣಬೇಕೆಂದರೆ ಒಂದೇ ಬಾಗಿನ ಆಸೆ ಬಿಡಿ. ನೇರವಾಗಿ ಹೋಗಿ, ಅರ್ಧ ವೃತ್ತ ತಿರುಗಿ, ನೇರವಾಗಿ ವಾಪಸ್ ಬನ್ನಿ. ಅರ್ಧ ವೃತ್ತವನ್ನು ಎರಡು ಕಾಲುಗಳಾಗಿ ಮಾಡಬೇಕು. ಕಾಲು ವೃತ್ತಕ್ಕೆ ಹಿಡಿಯ ಉದ್ದ ತ್ರಿಜ್ಯದ 0.5523 ಪಾಲು, ಈ ಒಂದು ಸಂಖ್ಯೆ ಬಾಯಿಪಾಠ ಇದ್ದರೆ ಒಳ್ಳೆಯದು. ತ್ರಿಜ್ಯ 60 ಆದರೆ ಹಿಡಿ 33.1:

ಸಿ.ಮೂವ್‌ಟು(200, 280)
ಸಿ.ಲೈನ್‌ಟು(320, 280)
ಸಿ.ಬೆಜಿಯೆಕರ್ವ್‌ಟು(353.1, 280, 380, 253.1, 380, 220)
ಸಿ.ಬೆಜಿಯೆಕರ್ವ್‌ಟು(380, 186.9, 353.1, 160, 320, 160)
ಸಿ.ಲೈನ್‌ಟು(200, 160)

ತುದಿ ಇಲ್ಲೂ 380ರಲ್ಲೇ. ಆದರೆ ತ್ರಿಜ್ಯ 22.5ರಿಂದ 60ಕ್ಕೆ ಏರಿತು. ಎರಡನ್ನೂ ಒಂದರ ಮೇಲೊಂದು ಬೇರೆ ಬಣ್ಣದಲ್ಲಿ ಬರೆದು ನೋಡಿ, ಕಣ್ಣಿಗೇ ಗೊತ್ತಾಗುತ್ತದೆ. ಅರ್ಧ ವೃತ್ತವನ್ನು ಒಂದೇ ಬಾಗಿನಲ್ಲಿ ಮುಗಿಸಿದರೆ ಸುಮಾರು 1.8% ತಪ್ಪು ಬರುತ್ತದೆ, 60ರ ತ್ರಿಜ್ಯಕ್ಕೆ ಒಂದು ಪಿಕ್ಸೆಲ್‌ಗೂ ಹೆಚ್ಚು. ಎರಡು ಮಾಡಿದರೆ ತಪ್ಪು 0.03% ಕೂಡ ಇಲ್ಲ.

ಪೂರ್ತಿ ವೃತ್ತ ಬೇಕಿದ್ದರೆ ಆರ್ಕ್ ಆಜ್ಞೆಯೇ ಇದೆ. ರಂಗೋಲಿ ಚುಕ್ಕಿಗಳ ಸುತ್ತ ಎಳೆ ಸುತ್ತುವಾಗ ಅದೇ ಸಲೀಸು. ಕೋನ ರೇಡಿಯನ್‌ನಲ್ಲಿ ಕೊಡಬೇಕು, ಅರ್ಧ ಸುತ್ತಿಗೆ 3.1416. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹಾಕದ ಗೆರೆಯೊಂದು ತಾನಾಗಿ ಎಳೆದುಕೊಂಡಿದ್ದರೆ ಆರ್ಕ್‌ಗೆ ಮುಂಚೆ ಮೂವ್‌ಟು ಮರೆತಿದ್ದೀರಿ ಅಂತಲೇ ಅರ್ಥ.

ಜೋಡಣೆ: ಎಲ್ಲ ಕೆಡುವುದು ಇಲ್ಲೇ

ಮೊದಲು ಬರೆದ ಚೂಪು ಹೇರ್‌ಪಿನ್‌ಗೇ ವಾಪಸ್ ಬನ್ನಿ. ಅದು (200, 160)ರಲ್ಲಿ ಮುಗಿಯಿತು. ಅಲ್ಲಿಂದ ಎಡಕ್ಕೆ ಹೋಗಿ (200, 40)ಕ್ಕೆ ಮರಳುವ ಇನ್ನೊಂದು ತಿರುವು ಸೇರಿಸಬೇಕು. ನಿಯಮ ಒಂದೇ: ಹಿಂದಿನ ಬಾಗಿನ ಕೊನೆಯ ಕಂಟ್ರೋಲ್ ಪಾಯಿಂಟ್, ಸೇರುವ ಬಿಂದು, ಮುಂದಿನ ಬಾಗಿನ ಮೊದಲ ಕಂಟ್ರೋಲ್ ಪಾಯಿಂಟ್, ಈ ಮೂರೂ ಒಂದೇ ನೇರದಲ್ಲಿರಬೇಕು, ಸೇರುವ ಬಿಂದು ನಡುವೆ ಇರಬೇಕು.

ಸುಲಭದ ದಾರಿ: ಹೊಸ ಬ = 2·ಡ − ಕ. ಅಂದರೆ (400−440, 320−160) = (−40, 160). ಮುಂದಿನ ಆಜ್ಞೆ ಬೆಜಿಯೆಕರ್ವ್‌ಟು(−40, 160, −40, 40, 200, 40). ಈ ತಿರುವಿನ ತುದಿ ಎಕ್ಸ್ 20ರಲ್ಲಿ ಬರುತ್ತದೆ, ಹಾಳೆಯ ಒಳಗೇ.

ಈಗ ಬೇಕೆಂದೇ ತಪ್ಪು ಮಾಡಿ. ಹೊಸ ಬ ಬಿಂದುವನ್ನು (−40, 190) ಮಾಡಿ. ಏಳು ಡಿಗ್ರಿಯಷ್ಟು ಓರೆಯಾಯಿತು. ಗೆರೆ 2 ಪಿಕ್ಸೆಲ್ ದಪ್ಪವಿದ್ದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಲೈನ್‌ವಿಡ್ತ್ 16 ಮಾಡಿ ನೋಡಿ: ರಸ್ತೆ ಆ ಜಾಗದಲ್ಲಿ ಮೊಣಕೈ ಮಡಚಿದಂತೆ ಕಾಣುತ್ತದೆ. ಆದ್ದರಿಂದ ಜೋಡಣೆ ಪರೀಕ್ಷಿಸುವಾಗ ಯಾವಾಗಲೂ ದಪ್ಪ ಗೆರೆಯಲ್ಲೇ ಪರೀಕ್ಷಿಸಿ. ತೆಳು ಗೆರೆ ಎಲ್ಲವನ್ನೂ ಮುಚ್ಚಿಡುತ್ತದೆ.

ಈ ಪ್ರತಿಬಿಂಬದ ಉಪಾಯವನ್ನು ಮೂರು ಬಿಂದುಗಳ ಬಾಗಿಗೆ ಸರಣಿಯಾಗಿ ಬಳಸಬೇಡಿ. ಅಲ್ಲಿ ಇರುವುದೇ ಒಂದು ಕಂಟ್ರೋಲ್ ಪಾಯಿಂಟ್. ಅದನ್ನೂ ಹಿಂದಿನದೇ ತೀರ್ಮಾನ ಮಾಡಿಬಿಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲನೆಯದರಲ್ಲಿ ಆದ ಸಣ್ಣ ತಪ್ಪು ಮುಂದೆ ಎಡಕ್ಕೂ ಬಲಕ್ಕೂ ತೂಗಾಡುತ್ತಾ ಹೋಗುತ್ತದೆ.

ಜೋಡಣೆ ಎಲ್ಲ ಕಡೆ ನುಣ್ಣಗಿರಬೇಕೆಂದೂ ಇಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಕಡೆತದ ಕಂಬಗಳನ್ನು ನೋಡಿ. ಗಂಟೆಯಂತೆ ಇಳಿದ ಬಳುಕು, ತಟಕ್ಕನೆ ಒಂದು ಚೂಪು ಅಂಚು, ಮತ್ತೆ ಉಬ್ಬು. ಆ ಅಂಚುಗಳಲ್ಲಿ ಕಂಟ್ರೋಲ್ ಪಾಯಿಂಟ್‌ಗಳನ್ನು ಬೇಕೆಂದೇ ನೇರ ತಪ್ಪಿಸಬೇಕು, ಇಲ್ಲದಿದ್ದರೆ ಕಲ್ಲಿನ ಕಂಬ ಮೇಣದ ಬತ್ತಿಯಂತಾಗುತ್ತದೆ. ಕಂಬದ ಎಡ ಅಂಚು ಮಾತ್ರ ಬರೆದುಕೊಳ್ಳಿ, ಬಲ ಅಂಚು ಲೆಕ್ಕದಲ್ಲೇ ಬರುತ್ತದೆ: ಹೊಸ ಎಕ್ಸ್ = 2·ನಡುಗೆರೆ − ಹಳೆ ಎಕ್ಸ್. ಎಡ ಅಂಚನ್ನು ಮೇಲಿಂದ ಕೆಳಕ್ಕೆ ಬರೆದಿದ್ದರೆ ಬಲವನ್ನು ಕೆಳಗಿಂದ ಮೇಲಕ್ಕೆ ಬರೆಯಬೇಕು, ಆಗ ಪ್ರತಿ ಬಾಗಿನ ನಾಲ್ಕೂ ಬಿಂದುಗಳ ಕ್ರಮ ತಿರುಗುಮುರುಗು ಆಗುತ್ತದೆ: ಡ, ಕ, ಬ, ಅ. ತುದಿಗಳನ್ನು ಮಾತ್ರ ತಿರುಗಿಸಿ ಕಂಟ್ರೋಲ್ ಪಾಯಿಂಟ್‌ಗಳನ್ನು ಹಾಗೇ ಬಿಟ್ಟರೆ ಬಲ ಅಂಚು ಎಡದಂತೆ ಇರದೆ ತಿರುಚಿಕೊಳ್ಳುತ್ತದೆ.

ದಾಖಲಾದ ಬಿಂದುಗಳ ಮೂಲಕವೇ ಹಾಯಬೇಕಾದಾಗ

ಫೋನಿನ ಜಿಪಿಎಸ್ ಕೊಡುವುದು ರಸ್ತೆಯ ಮೇಲಿನ ಬಿಂದುಗಳನ್ನು, ಕಂಟ್ರೋಲ್ ಪಾಯಿಂಟ್‌ಗಳನ್ನಲ್ಲ. ಗೆರೆ ಅವುಗಳ ಮೂಲಕವೇ ಹಾಯಬೇಕು. ಎಡ್ವಿನ್ ಕ್ಯಾಟ್‌ಮಲ್ ಮತ್ತು ರಾಫೆಲ್ ರೊಮ್ 1974ರಲ್ಲಿ ಕೊಟ್ಟ ವಿಧಾನ ಇದಕ್ಕೆ ಹೇಳಿಮಾಡಿಸಿದ್ದು. ಸಾಲಾಗಿ ನಾಲ್ಕು ಬಿಂದು ಪ0, ಪ1, ಪ2, ಪ3 ತಗೊಳ್ಳಿ. ಪ1–ಪ2 ನಡುವಿನ ತುಂಡಿಗೆ ಕಂಟ್ರೋಲ್ ಪಾಯಿಂಟ್‌ಗಳು:

ಮೊದಲನೆಯದು = ಪ1 + (ಪ2 − ಪ0)/6
ಎರಡನೆಯದು = ಪ2 − (ಪ3 − ಪ1)/6

ಬಿಂದುಗಳು (60, 340), (180, 320), (240, 220), (400, 200) ಆದರೆ ಮೊದಲನೆಯದು (210, 300), ಎರಡನೆಯದು (203.3, 240). ಒಂದು ಬಿಂದು ಮುಂದೆ ಸರಿದು ಇದನ್ನೇ ಮತ್ತೆ ಮಾಡಿ. ಜೋಡಣೆಯ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ, ಅದೇ ಇದರ ಸೊಗಸು.

ಕಾಗದದ ಮೇಲೆ ಇಷ್ಟೇ. ಘಾಟಿಯ ನಿಜವಾದ ದಾಖಲೆ ತಂದು ಹಾಕಿದರೆ ಮೂರು ಕಡೆ ಎಡವುತ್ತೀರಿ.

ಒಂದು, ನಕ್ಷೆ ತಲೆಕೆಳಗಾಗುತ್ತದೆ. ಅಕ್ಷಾಂಶ ಉತ್ತರಕ್ಕೆ ಹೋದಂತೆ ಹೆಚ್ಚುತ್ತದೆ, ಕ್ಯಾನ್ವಾಸ್‌ನ ವೈ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ವೈ = 400 − ಲೆಕ್ಕ ಹಾಕಿದ ವೈ ಮಾಡದಿದ್ದರೆ ಎಡ ತಿರುವುಗಳೆಲ್ಲ ಬಲ ತಿರುವಾಗುತ್ತವೆ. ರೇಖಾಂಶದ ಒಂದು ಡಿಗ್ರಿ ಇಲ್ಲಿ ಸುಮಾರು 108 ಕಿ.ಮೀ., ಅಕ್ಷಾಂಶದ್ದು ಸುಮಾರು 110.6, ನಮ್ಮ ಕಡೆ ವ್ಯತ್ಯಾಸ ಸಣ್ಣದು, ಹಾಗಂತ ಬಿಡಬೇಡಿ.

ಎರಡು, ನಿಂತ ಜಾಗದಲ್ಲಿ ಗಂಟು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತರೂ ಫೋನು ಬಿಂದು ದಾಖಲಿಸುತ್ತಲೇ ಇರುತ್ತದೆ. ಬಯಲಿನಲ್ಲೇ ಐದು ಮೀಟರ್‌ನಷ್ಟು ಆಚೀಚೆ ತೋರಿಸುವ ಫೋನು ಕಾಡಿನ ಮರಗಳ ಕೆಳಗೆ ಇನ್ನೂ ಹೆಚ್ಚು ತೋರಿಸುತ್ತದೆ. ಹತ್ತು ನಿಮಿಷದ ಬಿಂದುಗಳೆಲ್ಲ ಹೋಟೆಲಿನ ಸುತ್ತ ನೂಲಿನ ಉಂಡೆಯಂತಾಗುತ್ತವೆ. ಬಾಗಿಸುವ ಮೊದಲೇ, ಹಿಂದೆ ಉಳಿಸಿಕೊಂಡ ಬಿಂದುವಿನಿಂದ 10 ಮೀಟರ್ ಒಳಗಿರುವುದನ್ನು ಬಿಸಾಡಿ. 50 ಮೀಟರ್ ಮಾಡಿದರೆ ಹೇರ್‌ಪಿನ್‌ಗಳೇ ಮಾಯವಾಗುತ್ತವೆ.

ಮೂರು, ದೂರದ ಬಿಂದುವಿನ ಪಕ್ಕ ಹತ್ತಿರದ ಬಿಂದು ಬಂದರೆ ಗೆರೆ ಸಣ್ಣ ಕುಣಿಕೆ ಹಾಕಿಕೊಳ್ಳುತ್ತದೆ. ಮೇಲಿನ ಸೂತ್ರ ಎಲ್ಲ ಬಿಂದುಗಳೂ ಸಮದೂರದಲ್ಲಿವೆ ಎಂದೇ ನಂಬಿಕೊಂಡಿದೆ. ನೇರ ರಸ್ತೆಯಲ್ಲಿ ವೇಗವಾಗಿ ಬಂದು ತಿರುವಿನಲ್ಲಿ ನಿಧಾನಿಸುವ ಬಸ್ಸಿನ ದಾಖಲೆ ಹಾಗಿರುವುದಿಲ್ಲ. ಮದ್ದು ಹೀಗೆ: ಪ0–ಪ1 ದೂರದ ವರ್ಗಮೂಲ ಮ, ಪ1–ಪ2 ದೂರದ ವರ್ಗಮೂಲ ನ, ಪ2–ಪ3 ದೂರದ ವರ್ಗಮೂಲ ರ ಆಗಲಿ.

ಮೊದಲನೆಯದು = (ಮ²·ಪ2 − ನ²·ಪ0 + (2ಮ² + 3ಮನ + ನ²)·ಪ1) / (3ಮ(ಮ+ನ))
ಎರಡನೆಯದು = (ರ²·ಪ1 − ನ²·ಪ3 + (2ರ² + 3ರನ + ನ²)·ಪ2) / (3ರ(ರ+ನ))

ಮೂರೂ ದೂರ ಸಮನಾದರೆ ಇದು ಹಳೆಯ ಸೂತ್ರವೇ ಆಗುತ್ತದೆ, ಒಮ್ಮೆ ಹಾಕಿ ನೋಡಿ. ಈ ರೂಪದಲ್ಲಿ ಒಂದು ತುಂಡಿನೊಳಗೆ ಕುಣಿಕೆ ಬೀಳುವುದಿಲ್ಲ. ಆದರೆ ಒಂದು ಬಲೆ ಇದೆ. ಮೊದಲ ಬಿಂದುವಿಗೆ ಹಿಂದಿನ ಬಿಂದು ಇರುವುದಿಲ್ಲವಲ್ಲ, ಅದನ್ನೇ ಎರಡು ಸಲ ಬರೆದುಕೊಳ್ಳುವುದು ರೂಢಿ. ಹಳೆಯ ಸೂತ್ರಕ್ಕೆ ಅದು ನಡೆಯುತ್ತದೆ. ಇಲ್ಲಿ ಮ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ಕ್ಯಾನ್ವಾಸ್ ಒಂದು ಮಾತೂ ಆಡದೆ ಆ ತುಂಡನ್ನು ನುಂಗಿಬಿಡುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ರಸ್ತೆಯ ಮೊದಲ ಅಥವಾ ಕೊನೆಯ ತುಂಡು ಕಾಣೆಯಾಗಿದ್ದರೆ ಮೊದಲು ಇದನ್ನೇ ನೋಡಿ. ಎರಡು ಸಲ ಬರೆಯುವ ಬದಲು ಆಚೆಗೊಂದು ಕಲ್ಪನೆಯ ಬಿಂದು ಇಡಿ: 2·ಮೊದಲನೆಯದು − ಎರಡನೆಯದು. ಕೊನೆಗೂ ಹಾಗೇ.

ದಪ್ಪ ಮತ್ತು ಬಣ್ಣ

ರಸ್ತೆಗೆ ಒಂದೇ ಪಥವನ್ನು ಎರಡು ಸಲ ಸ್ಟ್ರೋಕ್ ಮಾಡಿ: ಮೊದಲು 16 ಪಿಕ್ಸೆಲ್ ಕಡು ಬೂದು, ಮೇಲೆ 2 ಪಿಕ್ಸೆಲ್ ಬಿಳಿ. ಲೈನ್‌ಜಾಯಿನ್ ಮತ್ತು ಲೈನ್‌ಕ್ಯಾಪ್ ಎರಡೂ ರೌಂಡ್ ಇರಲಿ. ದಪ್ಪದ ಅರ್ಧ ತಿರುವಿನ ತ್ರಿಜ್ಯಕ್ಕಿಂತ ಹೆಚ್ಚಾಗಬಾರದು. 22.5ರ ತಿರುವಿಗೆ 50 ಪಿಕ್ಸೆಲ್ ದಪ್ಪ ಕೊಟ್ಟರೆ ಒಳ ಅಂಚು ದುಂಡಾಗದೆ ಮಡಚಿಕೊಳ್ಳುತ್ತದೆ.

ಪ್ರತಿ ಸಲ ಹೊಸ ಗೆರೆಗೆ ಮುಂಚೆ ಬಿಗಿನ್‌ಪಾತ್ ಬೇಕೇ ಬೇಕು. ಮರೆತರೆ ಹಳೆಯ ಗೆರೆಗಳೆಲ್ಲ ಮತ್ತೆ ಮತ್ತೆ ಬರೆದುಕೊಂಡು ಅಂಚು ಒರಟಾಗುತ್ತದೆ, ಚಲಿಸುವ ಚಿತ್ರವಾಗಿದ್ದರೆ ನೋಡನೋಡುತ್ತಲೇ ನಿಧಾನವಾಗುತ್ತದೆ.

ಗೆರೆಯ ಮೇಲೆ ಬಸ್ಸು ಓಡಿಸುವುದು

ಟಿಯನ್ನು ಸಮವಾಗಿ ಹೆಚ್ಚಿಸಿದರೆ ಬಸ್ಸು ಸಮವಾಗಿ ಓಡುವುದಿಲ್ಲ. ನಮ್ಮ ಚೂಪು ಹೇರ್‌ಪಿನ್ ಒಟ್ಟು 403 ಪಿಕ್ಸೆಲ್ ಉದ್ದ. ಟಿ 0ಯಿಂದ 0.25ಕ್ಕೆ ಹೋಗುವಷ್ಟರಲ್ಲಿ 137 ಪಿಕ್ಸೆಲ್ ಸಾಗಿರುತ್ತದೆ, ಮುಂದಿನ 0.25ರಲ್ಲಿ 64 ಚಿಲ್ಲರೆ. ತುದಿಯಲ್ಲಿ ವೇಗ ಶುರುವಿನ ಕಾಲು ಭಾಗಕ್ಕೆ ಇಳಿದಿರುತ್ತದೆ. ಗೇರ್ ಇಳಿಸಿ ತಿರುಗಿಸಿದ ಹಾಗೆ ಚೆನ್ನಾಗಿಯೇ ಕಾಣುತ್ತದೆನ್ನಿ. ಆದರೆ ರಸ್ತೆ ಬದಿಗೆ ಸಮದೂರದಲ್ಲಿ ಕಲ್ಲು ನೆಡಬೇಕಿದ್ದರೆ ತಿರುವಿನಲ್ಲೆಲ್ಲ ಕಲ್ಲುಗಳ ಗುಡ್ಡೆಯಾಗುತ್ತದೆ.

ಬಾಗನ್ನು 100 ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಅಲ್ಲಿವರೆಗಿನ ಒಟ್ಟು ಉದ್ದವನ್ನು ಪಟ್ಟಿಯಲ್ಲಿ ಬರೆದಿಡಿ. 150 ಪಿಕ್ಸೆಲ್ ದೂರದ ಬಿಂದು ಬೇಕಾದಾಗ ಪಟ್ಟಿಯಲ್ಲಿ 150 ಯಾವ ಎರಡು ಸಾಲುಗಳ ನಡುವೆ ಬೀಳುತ್ತದೆಂದು ಹುಡುಕಿ, ಅದೇ ಪ್ರಮಾಣದಲ್ಲಿ ಎರಡು ಟಿಗಳ ನಡುವಿನ ಟಿ ತೆಗೆಯಿರಿ.

ಬಸ್ಸಿನ ಮೂತಿ ರಸ್ತೆಯ ಕಡೆಗಿರಬೇಕಾದರೆ ಈಗಿನ ಬಿಂದು ಮತ್ತು ಒಂದು ಪಿಕ್ಸೆಲ್ ಮುಂದಿನ ಬಿಂದುವಿನ ವ್ಯತ್ಯಾಸವನ್ನು ದಿಕ್ಕಿನ ಕೋನ ಹೇಳುವ ಏಟ್ಯಾನ್2ಗೆ ಕೊಡಿ, ವೈ ಮೊದಲು, ಎಕ್ಸ್ ಆಮೇಲೆ. ಬಸ್ಸು ರಸ್ತೆಯ ಕೊನೆ ಮುಟ್ಟಿದಾಗ ಥಟ್ಟನೆ ಬಲಕ್ಕೆ ತಿರುಗಿ ನಿಂತರೆ, ಮುಂದಿನ ಬಿಂದು ಸಿಗದೆ ವ್ಯತ್ಯಾಸ ಎರಡೂ ಸೊನ್ನೆಯಾಗಿದೆ; ಏಟ್ಯಾನ್2(0, 0) ಅಂದರೆ 0, ಅಂದರೆ ನೇರ ಬಲಕ್ಕೆ. ಅಲ್ಲಿ ಮಾತ್ರ ಒಂದು ಪಿಕ್ಸೆಲ್ ಹಿಂದಿನ ಬಿಂದುವಿನಿಂದ ಈಗಿನದಕ್ಕೆ ಲೆಕ್ಕ ಹಾಕಿ.